ಒಂದು ಮಿಲಿಗ್ರಾಂ ಬಣ್ಣ

ನಮ್ಮಜ್ಜಿಯ ಸಾಸಿವೆ ಡಬ್ಬಿಯ ತಳದಲ್ಲಿ ಒಂದು ಬಟ್ಟೆಯ ಗಂಟು ಇರುತ್ತಿತ್ತು. ಗಂಟು ಬಿಚ್ಚಿದರೆ ಐದು ಬೆಳ್ಳಿ ರೂಪಾಯಿ. ಐದರ ಮೇಲೂ ಐದನೇ ಜಾರ್ಜನ ತಲೆ. ನಾಲ್ಕು ಬೂದಿ ಬಣ್ಣಕ್ಕೆ ತಿರುಗಿದ್ದವು. 1919ರ ಇಸವಿಯಿದ್ದ ಐದನೆಯದು ಮಾತ್ರ ಬೇರೆ. ಅದರ ಅಂಚಿನಲ್ಲಿ ನೀಲಿ, ಅದರ ಒಳಗೆ ನೇರಳೆ, ಇನ್ನೂ ಒಳಗೆ ಜೇನಿನ ಬಣ್ಣ, ನಡುವೆ ಬೆಳ್ಳಿ. ಮಣ್ಣು ಮೆತ್ತಿದೆ ಅಂದುಕೊಂಡು ಹನ್ನೊಂದು ವರ್ಷದ ನಾನು ಐದನ್ನೂ ವಿಭೂತಿ ಮತ್ತು ನಿಂಬೆ ಹೋಳಿನಿಂದ ತಿಕ್ಕಿ ತಿಕ್ಕಿ ಬೆಳಗಿದೆ. "ಈಗ ನೋಡು, ಬೆಳ್ಳಿ ಅಂದ್ರೆ ಬೆಳ್ಳಿ" ಎಂದು ಅಜ್ಜಿ ಮೆಚ್ಚಿಕೊಂಡರು.

ಎಷ್ಟೋ ವರ್ಷಗಳ ನಂತರ ಅದೇ 1919ರ ರೂಪಾಯಿಯನ್ನು ಹಳೆ ನಾಣ್ಯ ಕೊಳ್ಳುವವರೊಬ್ಬರ ಮುಂದಿಟ್ಟೆ. ಅವರು ಭೂತಗನ್ನಡಿ ಹಿಡಿದು ಎರಡು ಕ್ಷಣ ನೋಡಿ, ಏನೂ ಹೇಳದೆ ತಕ್ಕಡಿ ಎಳೆದುಕೊಂಡರು. ನಾಣ್ಯ ವ್ಯಾಪಾರಿ ತಕ್ಕಡಿ ಎಳೆದುಕೊಂಡರೆ ಮಾತು ಮುಗಿಯಿತು ಎಂದರ್ಥ. ನಿಮ್ಮ ಕೈಯಲ್ಲಿರುವುದು ಇನ್ನು ನಾಣ್ಯವಲ್ಲ, ಹನ್ನೊಂದು ಗ್ರಾಂ ಚಿಲ್ಲರೆ ಬೆಳ್ಳಿ.

ನಾನು ತಿಕ್ಕಿ ತೆಗೆದದ್ದು ಏನು? ಕೊಳೆ ಎನ್ನುತ್ತದೆ ಅಡುಗೆಮನೆ. ತುಕ್ಕಿನ ದಾಯಾದಿ ಎನ್ನುತ್ತದೆ ರಸಾಯನಶಾಸ್ತ್ರ. ನಾಣ್ಯ ಸಂಗ್ರಾಹಕರು ಅದನ್ನು ಟೋನಿಂಗ್ ಎನ್ನುತ್ತಾರೆ, ಚೆನ್ನಾಗಿದ್ದರೆ ನಾಣ್ಯದ ಬೆಲೆಯ ಹಲವು ಪಟ್ಟು ಕೊಡುತ್ತಾರೆ. ಮೂವರು ಹೇಳುವುದೂ ನಿಜ, ತಮಾಷೆ ಇರುವುದೇ ಅಲ್ಲಿ.

ಬೆಳ್ಳಿಗೆ ಗಾಳಿಯಲ್ಲಿರುವ ಆಮ್ಲಜನಕದ ಹೆದರಿಕೆಯಿಲ್ಲ. ಕಬ್ಬಿಣದ ಹಾಗೆ ಅದು ತುಕ್ಕು ಹಿಡಿಯುವುದಿಲ್ಲ. ಅದರ ವೈರಿ ಗಂಧಕ. ಗಾಳಿಯಲ್ಲಿ ಲವಲೇಶ ಹೈಡ್ರೋಜನ್ ಸಲ್ಫೈಡ್ ಇದ್ದು, ಜೊತೆಗೆ ಒಂದಿಷ್ಟು ತೇವವಿದ್ದರೆ ಸಾಕು, ಬೆಳ್ಳಿಯ ಮೈಮೇಲೆ ಬೆಳ್ಳಿಯ ಸಲ್ಫೈಡ್ ಪದರ ಕಟ್ಟಲು ತೊಡಗುತ್ತದೆ. ಗಂಧಕಕ್ಕಾಗಿ ಜ್ವಾಲಾಮುಖಿ ಹುಡುಕಬೇಕಾಗಿಲ್ಲ. ಬೇಯಿಸಿದ ಮೊಟ್ಟೆಯಲ್ಲಿದೆ, ಈರುಳ್ಳಿಯಲ್ಲಿದೆ, ಉಣ್ಣೆಯಲ್ಲಿದೆ, ರಬ್ಬರ್ ಬ್ಯಾಂಡಿನಲ್ಲಿದೆ, ಅಗ್ಗದ ರಟ್ಟಿನಲ್ಲಿದೆ, ಕಲ್ಲಿದ್ದಲ ಹೊಗೆಯಲ್ಲಿದೆ. ಇಂಗಿನ ವಾಸನೆಯೇ ಗಂಧಕದ ಸಂಯುಕ್ತಗಳದ್ದು, ಸಾಸಿವೆಯ ಘಾಟೂ ಅಂಥದ್ದೇ. ಸಾಸಿವೆ ಡಬ್ಬಿಯ ಪಕ್ಕದಲ್ಲಿ ಇಂಗಿನ ಡಬ್ಬಿ ಇಡುತ್ತಿದ್ದ ನಮ್ಮಜ್ಜಿ ತನಗೇ ತಿಳಿಯದೆ ಒಂದು ಪುಟ್ಟ ಪ್ರಯೋಗಶಾಲೆ ನಡೆಸುತ್ತಿದ್ದರು.

ಬೆಳ್ಳಿಯ ಸಲ್ಫೈಡ್ ಕಪ್ಪು ವಸ್ತು. ಹಾಗಾದರೆ ಆ ನೀಲಿ, ನೇರಳೆ, ಜೇನುಬಣ್ಣ ಎಲ್ಲಿಂದ ಬಂದವು? ಅವು ಆ ವಸ್ತುವಿನ ಬಣ್ಣವಲ್ಲ, ಅದರ ದಪ್ಪದ ಬಣ್ಣ. ಮಳೆ ನಿಂತ ರಸ್ತೆಯ ಮೇಲೆ ಡೀಸೆಲ್ ತೊಟ್ಟಿಕ್ಕಿದಾಗ ಕಾಮನಬಿಲ್ಲು ಹರಡುವುದನ್ನು ನೋಡಿರುತ್ತೀರಿ. ಸೋಪಿನ ಗುಳ್ಳೆಯಲ್ಲೂ ಅದೇ. ತೆಳುವಾದ ಪದರದ ಮೇಲೆ ಬೆಳಕು ಬಿದ್ದಾಗ ಅದರ ಒಂದು ಪಾಲು ಪದರದ ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಇನ್ನೊಂದು ಪಾಲು ಒಳಹೊಕ್ಕು, ತಳದ ಬೆಳ್ಳಿಗೆ ತಾಗಿ ವಾಪಸಾಗುತ್ತದೆ. ಎರಡು ಪಾಲುಗಳೂ ಹೊರಗೆ ಸೇರುವಾಗ ಯಾವುದೋ ಒಂದು ಬಣ್ಣದ ಅಲೆಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಬಿಳಿ ಬೆಳಕಿನಿಂದ ಆ ಬಣ್ಣ ಕಳೆದರೆ ಉಳಿದದ್ದು ನಮ್ಮ ಕಣ್ಣಿಗೆ ಬೀಳುತ್ತದೆ. ತೆಳು ಪದರಗಳ ಬಣ್ಣವನ್ನು ನ್ಯೂಟನ್ ಅಳೆದು ನೋಡಿದ್ದ. ಅದು ಅಲೆಗಳ ಆಟವೆಂದು ತೋರಿಸಿಕೊಟ್ಟವನು ಥಾಮಸ್ ಯಂಗ್, 19ನೇ ಶತಮಾನದ ಮೊದಲ ವರ್ಷಗಳಲ್ಲಿ. ನಮ್ಮ ಸಿ.ವಿ. ರಾಮನ್ ಅವರೂ ಈ ಬಣ್ಣಗಳ ಬೆನ್ನು ಹತ್ತಿದವರು. ಕಾಯಿಸಿದ ಉಕ್ಕಿನ ಮೇಲೆ ಮೂಡುವ ಬಣ್ಣಗಳ ಬಗ್ಗೆ 1922ರಲ್ಲಿ ಅವರು 'ನೇಚರ್' ಪತ್ರಿಕೆಗೆ ಬರೆದಿದ್ದರು. ವಿಜ್ಞಾನವೇ ವೃತ್ತಿಯಾಗುವ ಮುನ್ನ ಅವರು ಸರ್ಕಾರದ ಹಣಕಾಸು ಇಲಾಖೆಯಲ್ಲಿದ್ದರು, 1909ರಲ್ಲಿ ರಂಗೂನಿನ ಕರೆನ್ಸಿ ಅಧಿಕಾರಿಯಾಗಿದ್ದರು. ಅವರ ಕೈ ಕೆಳಗೆ ಎಷ್ಟು ಬೆಳ್ಳಿ ರೂಪಾಯಿ ಹರಿದಿರಬೇಕು!

ಈ ಅಧ್ಯಾಯದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪದರ ತೆಳುವಾಗಿದ್ದಾಗ ಮೊದಲು ಕಳೆಯುವುದು ಅತಿ ಚಿಕ್ಕ ಅಲೆಯ ನೇರಳೆ ಮತ್ತು ನೀಲಿ, ಆದ್ದರಿಂದ ನಮಗೆ ಕಾಣುವುದು ತಿಳಿ ಹೊಂಬಣ್ಣ. ಪದರ ಇನ್ನಷ್ಟು ದಪ್ಪವಾದರೆ ಹಸಿರು ಕಳೆಯುತ್ತದೆ, ನಾಣ್ಯ ತಾಮ್ರಗೆಂಪು ದಾಟಿ ಕೆನ್ನೇರಳೆಗೆ ಹೋಗುತ್ತದೆ. ಆಮೇಲೆ ಕೆಂಪು ಕಳೆದು ಕಡುನೀಲಿ ಬರುತ್ತದೆ. ಅದು ತಿಳಿಯಾಗಿ ಆಕಾಶನೀಲಿಯಾಗುತ್ತದೆ. ಅಲ್ಲಿಗೆ ಒಂದು ಸುತ್ತು ಮುಗಿಯಿತು. ಎರಡನೇ ಸುತ್ತಿನಲ್ಲಿ ಮತ್ತೆ ಹಳದಿ, ಮತ್ತೆ ಕೆನ್ನೇರಳೆ, ಅದರ ಬೆನ್ನಿಗೆ ಹಸಿರು. ಆಮೇಲೆ ಬಣ್ಣಗಳು ಮಂಕಾಗುತ್ತಾ ಬಂದು, ಪದರ ಬೆಳಕನ್ನೇ ನುಂಗಲಾರಂಭಿಸಿ, ಕೊನೆಗೆ ಕಪ್ಪು. ಈ ದಾರಿಯಲ್ಲಿ ಅಡ್ಡದಾರಿಯಿಲ್ಲ. ನೀಲಿಗೆ ಹೋಗುವ ಪದರ ಹೊಂಬಣ್ಣವನ್ನೂ ಕೆನ್ನೇರಳೆಯನ್ನೂ ಹಾದೇ ಹೋಗಬೇಕು. ನಿಜವಾದ ಹಸಿರು ಮೊದಲ ಸುತ್ತಿನಲ್ಲಿ ಬರುವುದೇ ಇಲ್ಲ.

ಮನೆಯಲ್ಲೇ ಇದನ್ನು ನೋಡಬಹುದು. ನಾನು ನೋಡಿದ್ದೇನೆ. ಆಭರಣದಂಗಡಿಯಲ್ಲಿ ಸಿಗುವ ಹತ್ತು ಗ್ರಾಂ ಲಕ್ಷ್ಮಿ ನಾಣ್ಯ ಒಂದನ್ನು ತಂದು ಸ್ಟೀಲ್ ಡಬ್ಬಿಯಲ್ಲಿಟ್ಟೆ. ಆಗತಾನೆ ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿ, ನಾಣ್ಯಕ್ಕೆ ತಾಗದ ಹಾಗೆ ಪಕ್ಕದಲ್ಲಿಟ್ಟು ಮುಚ್ಚಿದೆ. ಮೊದಲು ಮುಚ್ಚಳ ತೆಗೆದಾಗ ಲಕ್ಷ್ಮಿಗೆ ತಿಳಿ ಚಿನ್ನದ ಲೇಪ. ಎರಡನೇ ಸಲ ನೋಡುವಾಗ ಕಂದುಗೆಂಪು, ಅಲ್ಲಲ್ಲಿ ನೇರಳೆ. ಸಂಜೆಗೆ ನೀಲಿಯ ತೇಪೆಗಳು. ಮಾರನೆಯ ಬೆಳಿಗ್ಗೆ ಕಬ್ಬಿಣದ ಬಾಣಲೆಯ ಬಣ್ಣ. ನಿಸರ್ಗ ಎಂಬತ್ತು ವರ್ಷ ತೆಗೆದುಕೊಳ್ಳುವ ಕೆಲಸವನ್ನು ಕೋಳಿಮೊಟ್ಟೆಯೊಂದು ಒಂದೇ ರಾತ್ರಿಯಲ್ಲಿ ಮಾಡಿ ಮುಗಿಸಿತ್ತು, ಅತಿ ಕೆಟ್ಟದಾಗಿ.

ಆ ಕೆಟ್ಟತನ ಏನೆಂದು ತಿಳಿಯಲು ಚೆನ್ನಾಗಿ ಬಣ್ಣ ಕಟ್ಟಿದ ನಾಣ್ಯವನ್ನು ನೋಡಬೇಕು. ಅದಕ್ಕೆ ಅಮೆರಿಕದ ಮಾರ್ಗನ್ ಡಾಲರಿನಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

ಜಾರ್ಜ್ ಮಾರ್ಗನ್ ಎಂಬ ಕೆತ್ತನೆಗಾರ ರೂಪಿಸಿದ ಈ ನಾಣ್ಯವನ್ನು 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಟಂಕಿಸಿದರು. ತೂಕ 26.73 ಗ್ರಾಂ, ಅಡ್ಡಳತೆ 38.1 ಮಿಲಿಮೀಟರ್, ನೂರಕ್ಕೆ ತೊಂಬತ್ತು ಬೆಳ್ಳಿ, ಉಳಿದದ್ದು ತಾಮ್ರ. ಜನರಿಗೆ ಬೇಕೆಂದು ಮಾಡಿದ ನಾಣ್ಯವಲ್ಲ ಇದು. ಗಣಿಗಳ ಬೆಳ್ಳಿಯನ್ನು ಸರ್ಕಾರ ಕೊಳ್ಳಲೇಬೇಕೆಂದು 1878ರಲ್ಲಿ ಕಾನೂನಾಯಿತು, ಕೊಂಡ ಬೆಳ್ಳಿಯನ್ನು ನಾಣ್ಯವಾಗಿಸಬೇಕಾಯಿತು. ಅಷ್ಟು ಭಾರದ ನಾಣ್ಯವನ್ನು ಜೇಬಿನಲ್ಲಿ ಹೊತ್ತು ತಿರುಗುವವರು ಕಡಿಮೆ. ಸಾವಿರ ನಾಣ್ಯಕ್ಕೊಂದರಂತೆ ದಪ್ಪ ಬಟ್ಟೆಯ ಚೀಲಗಳಲ್ಲಿ ತುಂಬಿ ಖಜಾನೆಯ ನೆಲಮಾಳಿಗೆಯಲ್ಲಿ ಪೇರಿಸಿದರು. ಒಂದೊಂದು ಚೀಲ 26 ಕಿಲೋ ಮೀರಿದ ಭಾರ. ಅವುಗಳಲ್ಲಿ ಎಷ್ಟೋ ಚೀಲಗಳು ದಶಕಗಟ್ಟಲೆ ಅಲ್ಲಾಡಲೇ ಇಲ್ಲ.

ಆ ಚೀಲದ ಬಟ್ಟೆಯಲ್ಲಿ ಗಂಧಕವಿತ್ತು. ಚೀಲದ ನಡುವೆ ಹುದುಗಿದ್ದ ನಾಣ್ಯಗಳು ಬಿಳಿಯಾಗಿಯೇ ಉಳಿದವು. ಬಟ್ಟೆಗೆ ಒರಗಿದ್ದವುಗಳ ಒಂದು ಮುಖ ಮಾತ್ರ ನಿಧಾನವಾಗಿ ಬಣ್ಣ ಕಟ್ಟುತ್ತಾ ಹೋಯಿತು. ಮೇಲೊಂದು ನಾಣ್ಯ ಅರ್ಧ ಮುಚ್ಚಿಕೊಂಡು ಕುಳಿತಿದ್ದರೆ, ಮುಚ್ಚಿದ ಭಾಗ ಬೆಳ್ಳಗೆ, ತೆರೆದ ಭಾಗ ಬಿದಿಗೆ ಚಂದ್ರನ ಆಕಾರದಲ್ಲಿ ಕಾಮನಬಿಲ್ಲು. ಕೆಲವು ನಾಣ್ಯಗಳ ಮೇಲೆ ಬಟ್ಟೆಯ ನೇಯ್ಗೆಯೇ ಅಚ್ಚಾಗಿದೆ, ಹಾಸುಹೊಕ್ಕಿನ ಎಳೆಗಳನ್ನು ಎಣಿಸಬಹುದು. 1962ರ ಕೊನೆಯಿಂದ 1964ರ ಮಾರ್ಚ್‌ವರೆಗೆ ಖಜಾನೆ ಈ ಚೀಲಗಳನ್ನು ಮುಖಬೆಲೆಗೇ ಜನರಿಗೆ ಕೊಟ್ಟಿತು. ಕೊಂಡವರಲ್ಲಿ ಬಹುಮಂದಿಗೆ ಬೇಕಿದ್ದದ್ದು ಬೆಳ್ಳಗಿನ ನಾಣ್ಯ. ಬಣ್ಣ ಹಿಡಿದದ್ದನ್ನು ಆಮ್ಲದ್ರಾವಣದಲ್ಲಿ ಅದ್ದಿ ತೊಳೆಯುವುದು ಆ ಕಾಲದ ವಾಡಿಕೆ. ಇಂದು ಐಷಾರಾಮಿ ವಸ್ತುವಿನಂತೆ ಹರಾಜಾಗುವ ಎಷ್ಟು ಕಾಮನಬಿಲ್ಲುಗಳು ಹೀಗೆ ಚರಂಡಿ ಸೇರಿದವೋ! ವಿಭೂತಿ ಹಿಡಿದವನು ನಾನೊಬ್ಬನೇ ಅಲ್ಲ ಎಂಬುದು ನನಗಿರುವ ಸಮಾಧಾನ.

ಚೀಲದಲ್ಲಿ ಬಣ್ಣ ಹೀಗೆ ನಿಧಾನವಾಗಿ ಕಟ್ಟುವುದರಿಂದ ಅದಕ್ಕೊಂದು ವ್ಯಾಕರಣ ಬರುತ್ತದೆ. ಗಂಧಕ ಹೆಚ್ಚು ಸಿಕ್ಕ ಕಡೆ ಪದರ ದಪ್ಪ, ದೂರ ಹೋದಂತೆ ತೆಳು. ಆದ್ದರಿಂದ ಅಂಚಿನಿಂದ ಒಳಗೆ ಬರುತ್ತಾ ಬಣ್ಣಗಳು ನಾನು ಮೇಲೆ ಹೇಳಿದ ಸರಣಿಯಲ್ಲೇ, ತಿರುವುಮುರುವಾಗಿ, ಒಂದರೊಳಗೊಂದು ಕರಗುತ್ತಾ ಸಾಲುಗಟ್ಟುತ್ತವೆ: ನೀಲಿ, ಕೆನ್ನೇರಳೆ, ತಾಮ್ರಗೆಂಪು, ಹೊಂಬಣ್ಣ, ಬೆಳ್ಳಿ. ಬಟ್ಟೆ ಉಬ್ಬು ಅಕ್ಷರದ ತಲೆಯ ಮೇಲೆ ಕುಳಿತಾಗ ಅದರ ಬುಡಕ್ಕೆ ತಾಗುವುದಿಲ್ಲ, ಹಾಗಾಗಿ ಅಕ್ಷರಗಳ ಸುತ್ತ ಬಣ್ಣ ಒಂದು ಹಂತ ಹಿಂದುಳಿದಿರುತ್ತದೆ. ತುಂಬ ಸಣ್ಣ ವಿವರ ಇದು. ನಕಲಿ ಮಾಡುವವರ ಕೈ ಸೋಲುವುದು ಇಂಥ ಕಡೆಗಳಲ್ಲೇ. ಬಿಳಿ ಮೈಯ ಪಕ್ಕದಲ್ಲೇ ಧುತ್ತೆಂದು ಗಿಳಿಹಸಿರಿನ ತೇಪೆ ಕಂಡರೆ, ನಡುವಿನ ಹಳದಿ, ಕೆನ್ನೇರಳೆ, ನೀಲಿಗಳೆಲ್ಲ ಎಲ್ಲಿ ಹೋದವು ಎಂದು ಕೇಳಬೇಕು. ನನ್ನ ಮೊಟ್ಟೆ ಡಬ್ಬಿಯ ಲಕ್ಷ್ಮಿಯಲ್ಲಿ ಆದದ್ದು ಅದೇ. ಅನಿಲ ಸಿಕ್ಕಸಿಕ್ಕಲ್ಲಿ ನುಗ್ಗಿತ್ತು, ಉಬ್ಬಿಗೂ ತಗ್ಗಿಗೂ ಒಂದೇ ಬಳಿತ, ಬಣ್ಣಗಳ ನಡುವೆ ಹರಿತ ಗಡಿ.

ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ಬಣ್ಣದ ಕೆಳಗಿನ ಹೊಳಪನ್ನು. ಅಚ್ಚಿನ ಏಟಿಗೆ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿದು, ಮೈಮೇಲೆ ಬರಿಗಣ್ಣಿಗೆ ಕಾಣದ ಗೀರುಗಳನ್ನು ಬಿಡುತ್ತದೆ. ಚಲಾವಣೆ ಕಾಣದ ನಾಣ್ಯವನ್ನು ಒಂಟಿ ಬಲ್ಬಿನ ಕೆಳಗೆ ಓರೆ ಹಿಡಿದು ತಿರುಗಿಸಿದರೆ ಈ ಗೀರುಗಳಿಂದಾಗಿ ಬೆಳಕು ಗಾಡಿ ಚಕ್ರದ ಅರೆಗಳಂತೆ ಸುತ್ತುತ್ತದೆ. ಸಲ್ಫೈಡ್ ಪದರ ತೆಳುವಾಗಿರುವಷ್ಟು ಕಾಲ ಚಕ್ರ ಅದರ ಕೆಳಗಿನಿಂದಲೂ ತಿರುಗುತ್ತಿರುತ್ತದೆ. ಬಣ್ಣವಿದ್ದು ಚಕ್ರ ತಿರುಗದಿದ್ದರೆ ಅನುಮಾನಪಡಿ. ಯಾರೋ ನಾಣ್ಯವನ್ನು ಉಜ್ಜಿ ತೊಳೆದು, ಆ ಕಳಂಕ ಮುಚ್ಚಲು ಬಣ್ಣ ಬರಿಸಿರುವ ಸಂಭವವೇ ಹೆಚ್ಚು. ಹಾಗೆಯೇ, ಕೈಯಿಂದ ಕೈಗೆ ಸವೆದು ಚಪ್ಪಟೆಯಾದ ರೂಪಾಯಿ ನವಿಲಿನಂತೆ ಮಿರುಗುತ್ತಿದ್ದರೂ ನಂಬಲು ಹೋಗಬೇಡಿ. ಸವೆದ ನಾಣ್ಯಕ್ಕೆ ಒಪ್ಪುವುದು ಬೂದು: ತಗ್ಗುಗಳಲ್ಲಿ ಕಡು, ಉಬ್ಬುಗಳಲ್ಲಿ ತಿಳಿ. ಆ ಬೂದು ನನಗಂತೂ ಬಹಳ ಇಷ್ಟ, ಅದಕ್ಕೆ ಯಾರೂ ಹೆಚ್ಚು ದುಡ್ಡು ಕೊಡದಿದ್ದರೂ.

ಇಷ್ಟು ಹೇಳಿದ ಮೇಲೆ ಒಂದು ಮುಜುಗರದ ಸಂಗತಿ ಒಪ್ಪಿಕೊಳ್ಳಬೇಕು. ಚೀಲದಲ್ಲಿ ಎಂಬತ್ತು ವರ್ಷ ಕಟ್ಟಿದ ಪದರವೂ ಬೆಳ್ಳಿಯ ಸಲ್ಫೈಡ್, ಮೊಟ್ಟೆ ಡಬ್ಬಿಯಲ್ಲಿ ಒಂದು ದಿನದಲ್ಲಿ ಕಟ್ಟಿದ್ದೂ ಅದೇ. ಅಣುವಿನ ಮೇಲೆ ಜನ್ಮದಿನ ಬರೆದಿರುವುದಿಲ್ಲ. ಸಹಜ, ಕೃತಕ ಎಂಬ ಭೇದ ವಸ್ತುವಿನದ್ದಲ್ಲ, ಕಾಲದ್ದು ಮತ್ತು ಉದ್ದೇಶದ್ದು. ಉದ್ದೇಶವನ್ನು ಯಾವ ಸೂಕ್ಷ್ಮದರ್ಶಕ ತೋರಿಸೀತು? 1947ರಿಂದ 1958ರವರೆಗೆ ಅಮೆರಿಕದ ಟಂಕಸಾಲೆಯೇ ಸಂಗ್ರಾಹಕರಿಗೆ ನಾಣ್ಯಗಳ ಜೋಡಿಗಳನ್ನು ರಟ್ಟಿನಲ್ಲಿ ಕೂರಿಸಿ ಮಾರುತ್ತಿತ್ತು. ಆ ರಟ್ಟಿನ ಗಂಧಕದಿಂದ ನಾಣ್ಯಗಳು ಅದ್ಭುತವಾಗಿ ಬಣ್ಣ ತಿರುಗಿದವು. ಅದು ಸಹಜ ಎಂದು ಎಲ್ಲರೂ ಒಪ್ಪುತ್ತಾರೆ. ಅದೇ ಹಳೆಯ ರಟ್ಟನ್ನು ಹುಡುಕಿ ತಂದು, ಬಣ್ಣ ಬರಲೆಂದೇ ಒಬ್ಬರು ಇವತ್ತು ಬಿಳಿ ನಾಣ್ಯವನ್ನು ಅದರೊಳಗೆ ಐದು ವರ್ಷ ಇಟ್ಟರೆ? ಸಂಗ್ರಾಹಕರು ಈ ಪ್ರಶ್ನೆಯ ಮೇಲೆ ಜಗಳವಾಡುತ್ತಲೇ ಇದ್ದಾರೆ. ನನ್ನ ಮಟ್ಟಿಗೆ ಅದು ಮೋಸವಾಗುವುದು ಮಾರುವಾಗ ಬಾಯಿ ಮುಚ್ಚಿಕೊಂಡರೆ ಮಾತ್ರ.

ಈ ಜಗಳ ಬಿಡಿಸುವ ಕೆಲಸವನ್ನು ಅಮೆರಿಕದ ಎರಡು ಸಂಸ್ಥೆಗಳು ಮೈಮೇಲೆ ಹಾಕಿಕೊಂಡಿವೆ: 1986ರಲ್ಲಿ ಶುರುವಾದ ಪಿಸಿಜಿಎಸ್, ಮರುವರ್ಷ ಬಂದ ಎನ್‌ಜಿಸಿ. ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕ ಕೊಟ್ಟು ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬಿಗಿಯಾಗಿ ಕೂರಿಸುತ್ತವೆ. ಆ ಪೆಟ್ಟಿಗೆಗೆ ಸ್ಲ್ಯಾಬ್ ಎಂದು ಹೆಸರು. 60ರಿಂದ ಮೇಲೆ ಚಲಾವಣೆ ಕಾಣದ ನಾಣ್ಯಗಳ ದರ್ಜೆ. ಬಣ್ಣ ಅನುಮಾನಾಸ್ಪದ ಎನಿಸಿದರೆ ಅಂಕ ಕೊಡದೆ ವಾಪಸು ಮಾಡುತ್ತಾರೆ ಅಥವಾ ಆ ಮಾತನ್ನೇ ಚೀಟಿಯ ಮೇಲೆ ಬರೆಯುತ್ತಾರೆ. ಗಮನಿಸಿ, ಅವರು ಹೇಳುವುದು ನಕಲಿ ಎಂದಲ್ಲ, ಅನುಮಾನ ಎಂದು. ಸಾವಿರಾರು ನಾಣ್ಯ ನೋಡಿ ಪಳಗಿದ ಕಣ್ಣುಗಳ ಅಭಿಪ್ರಾಯ ಅದು, ಪ್ರಯೋಗಶಾಲೆಯ ವರದಿಯಲ್ಲ. ಸಂಗೀತ ಕಛೇರಿಯಲ್ಲಿ ಶ್ರುತಿ ಬಿಟ್ಟದ್ದು ರಸಿಕರಿಗೆ ತಿಳಿಯುವ ಹಾಗೆ ಅವರಿಗೆ ತಿಳಿಯುತ್ತದೆ. ಆಗೀಗ ತಪ್ಪುತ್ತದೆ ಕೂಡ.

ಇನ್ನು ಬೆಲೆ. 1881ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆ 1 ಕೋಟಿ 27 ಲಕ್ಷಕ್ಕೂ ಹೆಚ್ಚು ಮಾರ್ಗನ್ ಡಾಲರುಗಳನ್ನು ಹೊರತಂದಿತು. ಅಚ್ಚು ಸೊಗಸು, ಹೊಳಪು ಸೊಗಸು, ಆದರೆ ಅಪರೂಪವೇನಲ್ಲ. ಇಂಥ ಎರಡು ನಾಣ್ಯಗಳಿಗೆ ಒಂದೇ ಅಂಕ ಸಿಕ್ಕಿರಲಿ, ಒಂದು ಬೆಳ್ಳಗೆ, ಇನ್ನೊಂದರ ಮುಖದ ಮೇಲೆ ಕಾಮನಬಿಲ್ಲು. ಮೊದಲನೆಯದರ ಬೆಲೆ ಯಾವುದೇ ದರಪಟ್ಟಿಯಲ್ಲಿ ಸಿಗುತ್ತದೆ. ಎರಡನೆಯದರ ಬೆಲೆ ಯಾವ ಪಟ್ಟಿಯಲ್ಲೂ ಇಲ್ಲ. ಅದು ಎರಡು ಪಟ್ಟು ಇರಬಹುದು, ಹತ್ತಾರು ಪಟ್ಟು ಇರಬಹುದು. ಹರಾಜಿನಲ್ಲಿ ಅದರ ಮೇಲೆ ಮನಸ್ಸಿಟ್ಟ ಹಟಮಾರಿಗಳು ಇಬ್ಬರಿದ್ದರೆ ಬೆಲೆ ಅವರು ಹೇಳಿದಷ್ಟು. ಬಣ್ಣ ಸ್ವಾತಂತ್ರ್ಯದೇವಿಯ ಕಡೆ ಇದೆಯೋ ಹದ್ದಿನ ಕಡೆ ಇದೆಯೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮುಂಭಾಗದಲ್ಲಿ, ಅದರಲ್ಲೂ ಕೆನ್ನೆಯ ಮೇಲೆ ಶುದ್ಧವಾಗಿ ಕಟ್ಟಿದ ಬಣ್ಣಕ್ಕೆ ಬೆಲೆ ಹೆಚ್ಚು, ಹಿಂಭಾಗದ್ದಕ್ಕೆ ಕಡಿಮೆ. ಕಂದು, ಬೂದು, ಕಪ್ಪು ಎಷ್ಟೇ ಸಹಜವಾಗಿದ್ದರೂ ಬೆಲೆ ಇಳಿಸುತ್ತವೆ. ಸಹಜವಾಗಿರುವುದು, ಸುಂದರವಾಗಿರುವುದು ಬೇರೆ ಬೇರೆ ಗುಣಗಳು, ಕೊಳ್ಳುವವರಿಗೆ ಎರಡೂ ಬೇಕು.

ಒಮ್ಮೆ ಕುತೂಹಲಕ್ಕೆ ಲೆಕ್ಕ ಹಾಕಿದೆ. ಪದರದ ದಪ್ಪ 50 ನ್ಯಾನೊಮೀಟರ್ ಎಂದು ಹಿಡಿಯೋಣ. ನ್ಯಾನೊಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು, ನಮ್ಮ ತಲೆಗೂದಲು ಈ ಪದರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ದಪ್ಪ. ಮಾರ್ಗನ್ ಡಾಲರಿನ ಎರಡೂ ಮುಖಗಳನ್ನು ಈ ಪದರ ಪೂರ್ತಿ ಮುಚ್ಚಿದರೂ ಅದರ ಒಟ್ಟು ತೂಕ ಒಂದು ಮಿಲಿಗ್ರಾಂ ಆಗುವುದಿಲ್ಲ. ಅದರಲ್ಲಿ ಗಂಧಕದ ಪಾಲು ಮಿಲಿಗ್ರಾಂನ ಹತ್ತನೇ ಒಂದು ಭಾಗ. 26 ಗ್ರಾಂ ನಾಣ್ಯಕ್ಕೆ ಒಂದು ಬೆಲೆ, ಈ ಚಿಟಿಕೆಗೂ ಸಾಲದ ಗಂಧಕಕ್ಕೆ ಅದರ ಹತ್ತು ಪಟ್ಟು ಬೆಲೆ!

ಹಾಗಾದರೆ ತೊಳೆದರೆ ಹೋಗುವುದೂ ಒಂದು ಮಿಲಿಗ್ರಾಂ ತಾನೆ, ಅಷ್ಟಕ್ಕೆ ಯಾಕಿಷ್ಟು ಗೋಳು ಎಂದು ಕೇಳಬಹುದು. ಹೋಗುವ ಮಿಲಿಗ್ರಾಂ ಎಲ್ಲಿಯದು ಎಂಬುದೇ ಪ್ರಶ್ನೆ. ಸಲ್ಫೈಡಿನಲ್ಲಿರುವ ಬೆಳ್ಳಿ ಹೊರಗಿನಿಂದ ಬಂದದ್ದಲ್ಲ, ನಾಣ್ಯದ ಹೊರಮೈಯದೇ. ಥಯೋಯೂರಿಯಾ ಬೆರೆತ ಆಮ್ಲದಲ್ಲಿ ಅದ್ದಿದಾಗ ಆ ಹೊರಮೈಯೂ ಕರಗಿ ಹೋಗುತ್ತದೆ, ಜೊತೆಗೆ ಚಕ್ರ ತಿರುಗಿಸುವ ಸೂಕ್ಷ್ಮ ಗೀರುಗಳೂ ಸವೆಯುತ್ತವೆ. ಒಂದು ಸಲ ಅದ್ದಿದರೆ ತಿಳಿಯದಿರಬಹುದು, ನಾಲ್ಕು ಸಲ ಅದ್ದಿದರೆ ನಾಣ್ಯ ಸುಣ್ಣ ಬಳಿದ ಗೋಡೆಯಂತೆ ಸಪ್ಪಗಾಗುತ್ತದೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯದಲ್ಲಿ ಸಲ್ಫೈಡ್ ಮರಳಿ ಬೆಳ್ಳಿಯಾಗುವುದು ನಿಜ. ಆದರೆ ಹಾಗೆ ಮರಳಿದ ಬೆಳ್ಳಿ ಟಂಕಸಾಲೆಯ ಏಟು ತಿಂದ ಬೆಳ್ಳಿಯ ವಿನ್ಯಾಸದಲ್ಲಿ ಕೂರುವುದಿಲ್ಲ. ಇನ್ನು ವಿಭೂತಿ, ಹುಣಸೆಹಣ್ಣು, ಹಲ್ಲುಪುಡಿಗಳ ವಿಷಯ ಹೇಳಲೇಬೇಕಾಗಿಲ್ಲ. ನನ್ನ 1919ರ ರೂಪಾಯಿಯ ಕೆನ್ನೆಯ ಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಹನ್ನೊಂದು ವರ್ಷದ ಹುಡುಗನ ಹೆಬ್ಬೆರಳು ಯಾವ ದಿಕ್ಕಿಗೆ ಓಡಾಡಿತ್ತು ಎಂದು ಈಗಲೂ ಹೇಳಬಹುದು.

ಆ ರೂಪಾಯಿಗೂ ಮಾರ್ಗನ್ ಡಾಲರಿಗೂ ನಂಟೊಂದಿದೆ. ಮೊದಲ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ ಬೆಳ್ಳಿಗೆ ಬರ ಬಂದು, ಜನ ನೋಟು ಕೊಟ್ಟು ರೂಪಾಯಿ ಕೇಳತೊಡಗಿದ್ದರು. ಬ್ರಿಟನ್ ಅಮೆರಿಕದ ಮೊರೆಹೋಯಿತು. 1918ರ ಪಿಟ್‌ಮನ್ ಕಾಯಿದೆಯಡಿ ಖಜಾನೆಯ ಚೀಲಗಳಲ್ಲಿದ್ದ ಸುಮಾರು 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿದರು. ಅದರಲ್ಲಿ ಸುಮಾರು 26 ಕೋಟಿ ನಾಣ್ಯಗಳ ಬೆಳ್ಳಿ ಬ್ರಿಟನ್ನಿಗೆ ಮಾರಾಟವಾಯಿತು, ಭಾರತದ ರೂಪಾಯಿಗಾಗಿ. ಸಾಸಿವೆ ಡಬ್ಬಿಯಲ್ಲಿ ಬಣ್ಣ ಕಟ್ಟಿದ ಬೆಳ್ಳಿ ಅದಕ್ಕೂ ಮುಂಚೆ ಅಮೆರಿಕದ ಯಾವುದೋ ನೆಲಮಾಳಿಗೆಯ ಚೀಲದಲ್ಲಿ ಒಂದು ಸುತ್ತು ಬಣ್ಣ ಕಟ್ಟಿತ್ತೋ ಏನೋ.

ನಿಮ್ಮ ಮನೆಯಲ್ಲೂ ಇಂಥ ಒಂದೆರಡು ರೂಪಾಯಿ ಇರಬಹುದು. ಇದ್ದರೆ ಅಂಚು ಹಿಡಿದು ಎತ್ತಿ, ಮುಖ ಮುಟ್ಟಬೇಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ. ಮೆತ್ತನೆಯ ಪಿವಿಸಿ ಚೀಲದಲ್ಲಿಟ್ಟರೆ ಹಸಿರು ಅಂಟು ಬಿಡುತ್ತದೆ, ಅದು ಬಣ್ಣವಲ್ಲ, ರೋಗ. ದೀಪಾವಳಿಗೆ ಬೆಳ್ಳಿಯ ತಟ್ಟೆ, ಲೋಟ, ದೀಪದ ಕಂಬಗಳನ್ನು ಧಾರಾಳವಾಗಿ ಬೆಳಗಿ, ಅವು ಇರುವುದೇ ಬೆಳಗುವುದಕ್ಕೆ. ಲಕ್ಷ್ಮೀಪೂಜೆಯ ತಟ್ಟೆಯಲ್ಲಿಡುವ ಹಳೆಯ ರೂಪಾಯಿಯನ್ನು ಮಾತ್ರ ಮಕ್ಕಳ ಕೈಗೂ ವಿಭೂತಿಯ ಕೈಗೂ ಕೊಡದೆ, ಹೇಗಿದೆಯೋ ಹಾಗೆ ಇಡಿ.